ಕಡಲಿಂದ ಒಂದಿಷ್ಟು ದೂರ

ಮಗಳೇ, ಕುಂದಾಪುರದ ಕಡೆ ಕಡಲ ಬದಿಯಲ್ಲಿ ಮನೆ ಮಾಡಬೇಕೆಂದು ನೀನೂ ಅಳಿಯಂದಿರೂ ಜಾಗ ನೋಡುತ್ತಿದ್ದೀರಂತೆ, ನಿನ್ನ ಅಮ್ಮ ಹೇಳಿದಳು. ಕೇಳಿ ಸಂತೋಷವಾಯಿತು. ರಜೆಗೆ ಬಂದು ನಾಲ್ಕು ದಿನ ಇರಲು, ಮಕ್ಕಳಿಗೆ ಅಜ್ಜಿಯ ಊರಿನ ನೀರು ಗಾಳಿ ತಿಳಿಯಲು, ಮುಂದೆ ಕೆಲಸದಿಂದ ನಿವೃತ್ತಿಯಾದಾಗ ಬಂದು ನೆಲೆಸಲು ಒಂದು ಸೂರಿರಲಿ ಎನ್ನುವ ಆಸೆ ಒಳ್ಳೆಯದೇ. ಬೇಡ ಎನ್ನಲು ಇದನ್ನು ಬರೆಯುತ್ತಿಲ್ಲ. ಸೋದರಮಾವನ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ತಾಳ್ಮೆಯಿಂದ ಓದು.

ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕಿಟಕಿ ತೆರೆದರೆ ಕಡಲು ಕಾಣುವ ಜಾಗವನ್ನು ಹುಡುಕಬೇಡ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಹದಿನೈದು ನಿಮಿಷ ನಡೆದರೆ ಕಡಲು ಸಿಗುವ ಜಾಗವನ್ನು ಹುಡುಕು. ಅಲೆಗೂ ನಿನ್ನ ಅಂಗಳಕ್ಕೂ ನಡುವೆ ಒಂದು ಕಿಲೋಮೀಟರ್ ಇರಲಿ. ಈ ದೂರವೊಂದಿದ್ದರೆ ಕಾನೂನು, ಕಡಲು, ಉಪ್ಪುಗಾಳಿ, ಬಾವಿಯ ನೀರು, ಊರಿನ ಜನ, ಎಲ್ಲರ ಜೊತೆಗೂ ನಿನ್ನ ಬಾಳ್ವೆ ಸುಸೂತ್ರವಾಗುತ್ತದೆ.

ಮೊದಲು ಕಾನೂನು. ಕರಾವಳಿ ನಿಯಂತ್ರಣ ವಲಯ ಎಂಬುದೊಂದಿದೆ, ಇಲ್ಲಿಯವರ ಬಾಯಲ್ಲಿ ಅದು ಸಿಆರ್‌ಝಡ್. ಕೇಂದ್ರ ಸರ್ಕಾರ ಇದರ ಮೊದಲ ಅಧಿಸೂಚನೆ ಹೊರಡಿಸಿದ್ದು 1991ರಲ್ಲಿ. 2011ರಲ್ಲಿ ಮತ್ತು 2019ರಲ್ಲಿ ಅದು ಬದಲಾಯಿತು. ದೊಡ್ಡ ಉಬ್ಬರದ ನೀರು ಏರಿ ನಿಲ್ಲುವ ಗೆರೆಯಿಂದ ಒಳಗೆ 500 ಮೀಟರ್‌ವರೆಗಿನ ನೆಲ ಇದರ ಹಿಡಿತದಲ್ಲಿದೆ. ಹಳ್ಳಿಗಳ ಕಡಲ ಬದಿಯಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡಕ್ಕೆ ಅವಕಾಶವಿಲ್ಲದ ವಲಯ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಿಗೆ ಮಾತ್ರ 2019ರ ಅಧಿಸೂಚನೆ ಇದನ್ನು 50 ಮೀಟರಿಗೆ ಇಳಿಸಿತು. ಬ್ರೋಕರುಗಳು ಈ ಒಂದು ವಾಕ್ಯವನ್ನು ಹಿಡಿದುಕೊಂಡು ‘ಈಗೆಲ್ಲ ಐವತ್ತೇ ಮೀಟರ್’ ಎನ್ನುತ್ತಾರೆ. ಎಲ್ಲ ಊರಿಗೂ ಅದು ಅನ್ವಯಿಸುವುದಿಲ್ಲ. ಕಡಲ ನೀರು ಏರಿ ಇಳಿಯುವ ಹೊಳೆಗಳ ದಂಡೆಗೂ ಇಂಥದೇ ನಿರ್ಬಂಧ ಇದೆ ಎನ್ನುವುದನ್ನು ಅವರು ಹೇಳುವುದೇ ಇಲ್ಲ. ಹಾಗಾಗಿ ಹೊಳೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿಗಳಲ್ಲಿ ಜಾಗ ನೋಡುವಾಗ ಎರಡು ಪಟ್ಟು ಎಚ್ಚರ ಬೇಕು. ಹೆದ್ದಾರಿಯಿಂದ ಮೂಡಣಕ್ಕೆ ದಾಟಿದರೆ ನಿನ್ನ ತಲೆನೋವು ಬಹಳಷ್ಟು ಕಡಿಮೆಯಾಗುತ್ತದೆ.

ಅಕ್ಕಪಕ್ಕದಲ್ಲಿ ಮನೆಗಳಿವೆಯಲ್ಲ, ಪಂಚಾಯತಿಯವರು ನಂಬರು ಕೊಟ್ಟಿದ್ದಾರಲ್ಲ ಎಂದು ನೀನು ಕೇಳಬಹುದು. ಕೊಚ್ಚಿಯ ಮರಡು ನೆನಪಿದೆಯೇ? ಹಿನ್ನೀರಿನ ದಂಡೆಯಲ್ಲಿ ನಾಲ್ಕು ಬಹುಮಹಡಿ ಸಮುಚ್ಚಯಗಳಿದ್ದವು. ಮನೆ ಕೊಂಡವರ ಕೈಯಲ್ಲಿ ನೋಂದಾಯಿತ ಕ್ರಯಪತ್ರ ಇತ್ತು, ವರ್ಷ ವರ್ಷ ತೆರಿಗೆ ಕಟ್ಟಿದ ರಸೀದಿ ಇತ್ತು. ಕಟ್ಟಲು ಪರವಾನಗಿ ಕೊಟ್ಟಿದ್ದೂ ಪಂಚಾಯತಿಯೇ. ಆದರೆ ಕರಾವಳಿ ವಲಯದ ನಿಯಮ ಮೀರಿ ಕಟ್ಟಿದ್ದೆಂದು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ತೆರವಿಗೆ ಆದೇಶ ಮಾಡಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ನಾಲ್ಕನ್ನೂ ಉರುಳಿಸಿದರು. ಮಾಲೀಕರಿಗೆ ಮಧ್ಯಂತರ ಪರಿಹಾರವೆಂದು ತಲಾ 25 ಲಕ್ಷ ರೂಪಾಯಿ ಕೊಡಿಸಿದ್ದೂ ಅದೇ ನ್ಯಾಯಾಲಯ. ಜೀವಮಾನದ ಉಳಿತಾಯವನ್ನು ಹಾಕಿದವರಿಗೆ ಅದು ಎಷ್ಟರ ಸಮಾಧಾನ, ನೀನೇ ಯೋಚಿಸು. ಪಂಚಾಯತಿಯ ಒಪ್ಪಿಗೆಯೇ ಕಡೆಯ ಮಾತಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನೋಡಿದ ಜಾಗದ ಸರ್ವೆ ನಂಬರನ್ನು ಬರೆದುಕೊಂಡು ಉಡುಪಿಯಲ್ಲಿರುವ ಪರಿಸರ ಇಲಾಖೆಯ ಕಚೇರಿಗೆ ಹೋಗಿ, ಕರಾವಳಿ ವಲಯದ ನಕ್ಷೆಯಲ್ಲಿ ಆ ನಂಬರು ಎಲ್ಲಿ ಬೀಳುತ್ತದೆ ಎಂದು ಲಿಖಿತವಾಗಿ ಕೇಳು. ಬಾಯಿಮಾತಿನ ಉತ್ತರಕ್ಕೆ ತೃಪ್ತಳಾಗಬೇಡ.

ಎರಡನೆಯದು ಕಾಗದಪತ್ರ. ನಮ್ಮ ಕರಾವಳಿಯ ಭೂಮಿಯ ಹಕ್ಕುಗಳು ಬೆಂಗಳೂರಿನ ಸೈಟಿನ ಹಾಗಲ್ಲ. ‘ಒಂದು ಎಕರೆ ಜಾಗ’ ಎಂದು ತೋರಿಸುತ್ತಾರೆ. ಪಹಣಿ ತೆಗೆದರೆ ಮೂವತ್ತು ಸೆಂಟ್ಸ್ ಮಾತ್ರ ಅವರದು, ಉಳಿದದ್ದು ಕುಮ್ಕಿ. ಕುಮ್ಕಿ ಎಂದರೆ ಕೃಷಿ ಜಮೀನಿಗೆ ತಾಗಿದ ಸರ್ಕಾರಿ ನೆಲ. ಸೊಪ್ಪು, ಸೌದೆ ತರುವ ಸವಲತ್ತಷ್ಟೇ ಅದರ ಮೇಲಿರುವುದು, ಮಾರುವ ಹಕ್ಕಿಲ್ಲ. ಉತ್ತರ ಕನ್ನಡದ ಕಡೆ ಹೋದರೆ ಸೊಪ್ಪಿನಬೆಟ್ಟದ ಕಥೆಯೂ ಹೀಗೆಯೇ. ಮೂಲಗೇಣಿಯ ಜಾಗವಾದರೆ ಮನೆ ಒಬ್ಬರದು, ನೆಲ ಇನ್ನೊಬ್ಬರದು ಆಗಿರಬಹುದು. ದರ್ಖಾಸ್ತಿನಲ್ಲಿ ಮಂಜೂರಾದ ಜಾಗವಾದರೆ ಮಂಜೂರಾತಿಯ ಷರತ್ತುಗಳನ್ನು ಓದಿಸು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಕಾಯ್ದೆ ಅದನ್ನು ಕಾಯುತ್ತದೆ, ಕಾಯಬೇಕಾದ್ದೂ ಹೌದು. ಬಡವರ ಭೂಮಿ ನಮ್ಮ ರಜೆಯ ಮನೆಗಾಗಿ ಅವರ ಕೈತಪ್ಪಬಾರದು.

ಇನ್ನು ಪಾಲುದಾರರು. ಅಳಿಯಸಂತಾನ ಪದ್ಧತಿಯಿದ್ದ ಕುಟುಂಬಗಳಲ್ಲಿ ಹೆಣ್ಣುಮಕ್ಕಳ, ಅವರ ಮಕ್ಕಳ ಹಕ್ಕು ತಲೆಮಾರುಗಳ ಉದ್ದಕ್ಕೂ ಹರಡಿರುತ್ತದೆ. ಒಬ್ಬ ಮುಂಬೈಯಲ್ಲಿ, ಒಬ್ಬಳು ದುಬೈಯಲ್ಲಿ, ಇನ್ನೊಬ್ಬ ಎಲ್ಲಿದ್ದಾನೋ ಮನೆಯವರಿಗೇ ಗೊತ್ತಿಲ್ಲ. ಎಲ್ಲರ ಸಹಿ ಬೀಳದೆ ಕ್ರಯಪತ್ರ ಮಾಡಿಸಬೇಡ. ‘ಜಿಪಿಎ ಇದೆ, ಸಾಕು’ ಎಂದರೆ ಆ ಅಧಿಕಾರಪತ್ರವನ್ನು ಬರೆದುಕೊಟ್ಟವರ ಜೊತೆ ನೇರವಾಗಿ ಮಾತಾಡು. ಪಹಣಿ, ಮ್ಯುಟೇಶನ್, ಕನಿಷ್ಠ ಮೂವತ್ತು ವರ್ಷದ ಇ.ಸಿ. ಎಂಬ ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಪಂಚಾಯತಿಯ ನಮೂನೆ 9 ಮತ್ತು 11ಎ, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. 11ಎ ಬದಲು 11ಬಿ ತೋರಿಸಿದರೆ ಅಲ್ಲೇ ನಿಂತು, ಯಾಕೆ ಎಂದು ಕೇಳು. ಸರ್ವೆಯರನ್ನು ಕರೆಸಿ ಗಡಿ ಅಳೆಸು. ವಕೀಲರನ್ನು ನೀನೇ ಆರಿಸು, ಮಾರುವವರು ಗೊತ್ತುಮಾಡಿದವರು ಬೇಡ.

ಅಬುಧಾಬಿಯ ನಿನ್ನ ಅಣ್ಣನ ಹೆಸರನ್ನೂ ಸೇರಿಸುವ ಯೋಚನೆ ಇದೆಯಂತೆ. ಸೇರಿಸು, ಆದರೆ ಒಂದು ತಿಳಿದಿರಲಿ. ಅನಿವಾಸಿ ಭಾರತೀಯರು ವಾಸದ ಮನೆಯನ್ನು ಕೊಳ್ಳಬಹುದು; ಕೃಷಿಭೂಮಿ, ತೋಟ, ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ, ನಿಜ. ಆದರೆ ಹೊರದೇಶದಲ್ಲಿ ನೆಲೆಸಿದವರ ಮೇಲಿನ ನಿರ್ಬಂಧ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು, ಅದು ಹಾಗೆಯೇ ಇದೆ. ಆದ್ದರಿಂದ ಭೂಪರಿವರ್ತನೆ ಮುಗಿಯದ ತೆಂಗಿನ ತೋಟಕ್ಕೆ ಅವನ ಹೆಸರು ಹಾಕಿಸಬೇಡ. ಅವನ ಪಾಲಿನ ಹಣವೂ ಬ್ಯಾಂಕಿನ ದಾರಿಯಲ್ಲೇ ಬರಲಿ.

ಮೂರನೆಯದು ಕಡಲಿನ ವಿಷಯ. ನೀನು ನೋಡಿದ್ದು ಡಿಸೆಂಬರಿನ ಕಡಲು. ಅಗಲವಾದ ಹೊಯ್ಗೆಯ ದಂಡೆ, ಮೆತ್ತಗಿನ ಅಲೆ, ತಿಳಿ ಆಕಾಶ. ಜೂನ್ ತಿಂಗಳ ಅಲೆಗಳು ಬಂದರೆ ಅದೇ ಹೊಯ್ಗೆಯನ್ನು ಎಳೆದುಕೊಂಡು ಹೋಗುತ್ತವೆ. ಮಳೆಗಾಲ ಕಳೆದ ಮೇಲೆ ಅದರಲ್ಲಿ ಬಹುಪಾಲು ತಿರುಗಿ ಬರುತ್ತದೆ, ಕೆಲವು ಕಡೆ ಬರುವುದಿಲ್ಲ. ಅಳಿವೆಗಳ ಹತ್ತಿರ ದಂಡೆ ಜಾಗ ಬದಲಿಸುತ್ತಲೇ ಇರುತ್ತದೆ. ಬಂದರಿಗಾಗಿ ಕಲ್ಲಿನ ತಡೆಗೋಡೆ ಕಟ್ಟಿದಲ್ಲಿ ಒಂದು ಬದಿಗೆ ಹೊಯ್ಗೆ ಸೇರಿದರೆ ಇನ್ನೊಂದು ಬದಿ ಸವೆಯುತ್ತದೆ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಕಡಲ್ಕೊರೆತ ಹೊಸ ಸುದ್ದಿಯಲ್ಲ. ಬುಡ ಸಮೇತ ಬಿದ್ದ ತೆಂಗಿನ ಮರಗಳನ್ನು ನಮ್ಮವರು ಎಷ್ಟೋ ಮಳೆಗಾಲದಲ್ಲಿ ಕಂಡಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದೂರದಲ್ಲೇ ಹಾದುಹೋಯಿತು, ಆದರೂ ಅಲೆಗಳು ನಮ್ಮ ಕರಾವಳಿಯ ರಸ್ತೆಗಳನ್ನೂ ಮನೆಗಳನ್ನೂ ಬಡಿದವು. ಜಾಗದ ಮುಂದೆ ಕರಿಕಲ್ಲಿನ ರಾಶಿ ಹಾಕಿದ್ದರೆ ‘ರಕ್ಷಣೆ ಇದೆ’ ಎಂದು ಸಮಾಧಾನಪಡಬೇಡ. ಅಲ್ಲಿ ಕಡಲು ಒಮ್ಮೆ ಒಳಗೆ ಬಂದಿದ್ದಕ್ಕೇ ಕಲ್ಲು ಬಿದ್ದಿದೆ. ಹತ್ತು ವರ್ಷದ ಹಿಂದೆ ದಂಡೆ ಎಲ್ಲಿತ್ತು ಎಂದು ಆ ಕೇರಿಯ ಹಿರಿಯ ಮೀನುಗಾರರನ್ನು ಕೇಳು. ಅವರು ಕೈ ತೋರಿಸುವ ಕಡೆ ನೋಡು.

ನಾಲ್ಕನೆಯದು ಉಪ್ಪು. ದಂಡೆಯ ಮನೆಗೆ ಉಪ್ಪುಗಾಳಿ ಹಗಲೂ ರಾತ್ರಿ ತಾಗುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹತ್ತಿ ಉಬ್ಬಿದರೆ ಸ್ಲ್ಯಾಬಿನ ಅಡಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಟ್ಟಿದ ಮನೆಯನ್ನು ಕೊಳ್ಳುವುದಾದರೆ ಹೊಸ ಬಣ್ಣಕ್ಕೆ ಮರುಳಾಗದೆ, ಇಂಜಿನಿಯರರನ್ನು ಕರೆದೊಯ್ದು ಕಂಬ, ತೊಲೆ, ಬಾಲ್ಕನಿಯ ಅಡಿಭಾಗವನ್ನು ತಟ್ಟಿ ನೋಡಿಸು. ಹೊಸದಾಗಿ ಕಟ್ಟುವುದಾದರೆ ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟು ಎಂ-30ಕ್ಕಿಂತ ಕಡಿಮೆ ಇರಬಾರದು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಇದು ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಹೇಳುವ ಲೆಕ್ಕ. ಕಡಲ ಹೊಯ್ಗೆಯನ್ನು ಕಾಂಕ್ರೀಟಿಗೆ ಮುಟ್ಟಿಸಲೇಬಾರದು. ರೇಲಿಂಗು, ಬಿಜಾಗರಿ, ಸ್ಕ್ರೂಗಳಿಗೆ 316 ದರ್ಜೆಯ ಸ್ಟೀಲು ಹಾಕಿಸು. ನನ್ನ ಮಾತು ಕೇಳುವುದಾದರೆ ಮುರಕಲ್ಲಿನ ಗೋಡೆ, ಇಳಿಜಾರಾದ ಹಂಚಿನ ಮಾಡು, ಅಗಲವಾದ ಜಗಲಿ ಸಾಕು. ನಮ್ಮ ಹಿರಿಯರು ಈ ಮಳೆಯ ಜೊತೆ ಬಾಳಿ ಕಂಡುಕೊಂಡ ಮನೆ ಅದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಬೆಂಗಳೂರಿನ ನಾಲ್ಕು ಪಟ್ಟು. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಸಪಾಟು ತಾರಸಿಯ ಮೇಲೆ ಅಷ್ಟು ನೀರನ್ನು ಹೊತ್ತುಕೊಂಡು ಕೂರುವುದು ಯಾಕೆ?

ಬಾವಿಯ ನೀರನ್ನು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬಂದು ಕುಡಿದು ನೋಡು. ಅಕ್ಟೋಬರಿನಲ್ಲಿ ದಂಡೆಯ ಬಾವಿಗಳೆಲ್ಲ ಸಿಹಿಯೇ. ಬೇಸಿಗೆಯಲ್ಲಿ ಪಂಪು ಹಾಕಿ ಎಳೆದಷ್ಟೂ ಒಳಗಿನಿಂದ ಉಪ್ಪುನೀರು ನುಗ್ಗುತ್ತದೆ. ನಿನ್ನ ಬೋರ್‌ವೆಲ್ಲು ನಿನ್ನ ನೀರನ್ನಷ್ಟೇ ಕೆಡಿಸುವುದಿಲ್ಲ, ಪಕ್ಕದ ಮನೆಯವರು ಅಜ್ಜನ ಕಾಲದಿಂದ ಕುಡಿಯುತ್ತಿರುವ ಬಾವಿಯನ್ನೂ ಕೆಡಿಸುತ್ತದೆ. ಕರಾವಳಿ ವಲಯದಲ್ಲಿ ಅಂತರ್ಜಲ ತೆಗೆಯುವುದಕ್ಕೆ ನಿರ್ಬಂಧ ಇರುವುದು ಇದಕ್ಕಾಗಿಯೇ. ಒಂದು ಕಿಲೋಮೀಟರ್ ಒಳಗೆ ಬಂದರೆ ಈ ಅಪಾಯವೂ ತಗ್ಗುತ್ತದೆ.

ಮುಖ್ಯವಾದದ್ದು ಜನ. ನಮಗೆ ದಂಡೆ ಎಂದರೆ ನೋಟ, ಅಲ್ಲಿಯವರಿಗೆ ಅದು ಕೆಲಸದ ಅಂಗಳ. ಅಲ್ಲೇ ದೋಣಿ ಎಳೆಯುತ್ತಾರೆ, ಬಲೆ ಹೆಣೆಯುತ್ತಾರೆ, ಮೀನು ಒಣಗಿಸುತ್ತಾರೆ, ಹತ್ತಾರು ಜನ ಸೇರಿ ಕೈರಂಪಣಿ ಬಲೆ ಎಳೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಅವರ ಬದುಕು ಇನ್ನೂ ಬಿಗಿ. ಹೊರಗಿನಿಂದ ಬಂದವರು ಕಾಂಪೌಂಡು ಕಟ್ಟಿ ಕಡಲಿಗೆ ಹೋಗುವ ಕಾಲುದಾರಿಯನ್ನು ಮುಚ್ಚಿದರೆ ಮುಚ್ಚುವುದು ಅವರ ಅನ್ನದ ದಾರಿ. ನೀನು ಎಲ್ಲಿ ಜಾಗ ತಗೊಂಡರೂ ಹಳೆಯ ನಡೆದಾಟದ ದಾರಿಯನ್ನು ತೆರೆದೇ ಇಡು. ಜಾಗದಲ್ಲಿ ನಾಗಬನ, ದೈವದ ಗುಡಿ ಇದ್ದರೆ ಅದರ ಕಟ್ಟುಪಾಡು ಏನು, ಯಾರು ಬಂದು ನಡೆಸುತ್ತಾರೆ ಎಂದು ಮುಂಚೆಯೇ ತಿಳಿದುಕೋ. ಕೊಂಡ ಮೇಲೆ ಅದನ್ನು ಗೌರವದಿಂದ ನಡೆಸಿಕೊಂಡು ಹೋಗಲು ಮನಸ್ಸಿಲ್ಲದಿದ್ದರೆ ಆ ಜಾಗ ಬೇಡ.

ಖರ್ಚಿನ ಮಾತು ಚಿಕ್ಕದು. ಬೀಗ ಹಾಕಿಟ್ಟ ಮನೆಗೆ ಇಲ್ಲಿ ವಾಸದ ಮನೆಗಿಂತ ಹೆಚ್ಚು ಖರ್ಚು. ಒಂದು ಮಳೆಗಾಲ ಗಾಳಿಯಾಡದಿದ್ದರೆ ಗೋಡೆಗೆ ಬೂಸ್ಟು, ಬಾಗಿಲಿಗೆ ಒರಲೆ, ಅಂಗಳಕ್ಕೆ ಹಾವಸೆ. ವಾರಕ್ಕೊಮ್ಮೆ ಕಿಟಕಿ ತೆರೆದು, ಗುಡಿಸಿ, ಹಂಚು ನೋಡುವ ನಂಬಿಕೆಯ ಮನುಷ್ಯ ಬೇಕು. ಅವರಿಗೆ ತಿಂಗಳ ಸಂಬಳ ಸರಿಯಾಗಿ ಕೊಡಬೇಕು. ಬಾಡಿಗೆಗೆ ಕೊಟ್ಟು ಬ್ಯಾಂಕಿನ ಕಂತು ಕಟ್ಟುತ್ತೇವೆ ಎನ್ನುವ ಲೆಕ್ಕವನ್ನು ಬಿಟ್ಟುಬಿಡು, ಮಳೆಗಾಲದ ತಿಂಗಳುಗಳಲ್ಲಿ ಬರುವವರು ಕಡಿಮೆ. ಬಾಡಿಗೆಯ ಒಂದು ರೂಪಾಯಿ ಬಾರದಿದ್ದರೂ ನಿಭಾಯಿಸಬಲ್ಲೆವು ಎನ್ನುವಂತಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಆ ಹೆಜ್ಜೆ ಹೇಗಿರಬೇಕೆಂದರೆ, ಮುಂಗಡ ಕೊಡಲು ಅವಸರ ಮಾಡಬೇಡ. ‘ನಾಳೆಯೇ ಬೇರೆಯವರು ತಗೊಳ್ಳುತ್ತಾರೆ’ ಎಂದರೆ ತಗೊಳ್ಳಲಿ, ಜಾಗಕ್ಕೆ ಬರವಿಲ್ಲ. ಈ ಜುಲೈಯಲ್ಲಿ ಎರಡು ವಾರ ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ಪಂಚಗಂಗಾ ರೈಲು ಹತ್ತು. ನೋಡಿದ ಊರಲ್ಲೇ ಒಂದು ಮನೆಯನ್ನು ಬಾಡಿಗೆಗೆ ಹಿಡಿಯೋಣ. ಕರೆಂಟು ಹೋದ ರಾತ್ರಿ, ಒಣಗದ ಬಟ್ಟೆ, ಬಿಡದೆ ಸುರಿಯುವ ಮಳೆ, ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿ, ಎಲ್ಲವನ್ನೂ ಕಂಡ ಮೇಲೂ ನಿಮಗಿಬ್ಬರಿಗೂ ಈ ಊರು ಬೇಕೆನಿಸಿದರೆ ಆಗ ಹೇಳು. ಪಹಣಿ ತೆಗೆಸುವುದರಿಂದ ಹಿಡಿದು ನೋಂದಣಿ ಕಚೇರಿಯ ಸಹಿಯವರೆಗೆ ನಾನೇ ಜೊತೆಗೆ ಬರುತ್ತೇನೆ. ಕಡಲು ಎಲ್ಲರದು, ಅದನ್ನು ಕೊಳ್ಳಬೇಕಾಗಿಲ್ಲ. ನೀನು ಕೊಳ್ಳಬೇಕಾದ್ದು ಗಟ್ಟಿ ನೆಲ, ಸಿಹಿನೀರಿನ ಬಾವಿ, ಮುಖ ನೋಡಿ ಮಾತಾಡಿಸುವ ನೆರೆಹೊರೆ. ಇವು ಮೂರೂ ಸಿಕ್ಕಿದ ದಿನ ಕಣ್ಣು ಮುಚ್ಚಿ ತಗೋ.