ಒಂಟಿ ಯಾತ್ರಿಕನ ಆಲ್ಪ್ಸ್: ಹಳ್ಳಿಯ ಮೌನ ಮತ್ತು ಕೇಳಿಸದ ನುಡಿ

ಪ್ರವಾಸ ಸಾಹಿತ್ಯವನ್ನು ಕುರಿತ ಅಧ್ಯಯನಗಳಲ್ಲಿ ಒಂಟಿಯಾಗಿ ಕೈಗೊಂಡ ಯಾತ್ರೆಗೆ ವಿಶೇಷ ಮನ್ನಣೆ ಸಲ್ಲುತ್ತ ಬಂದಿದೆ. ಗುಂಪಿನೊಡನೆ ಹೋದವನು ಊರುಗಳನ್ನು ಕಾಣುತ್ತಾನೆ, ಒಬ್ಬನೇ ಹೋದವನು ತನ್ನನ್ನು ಕಾಣುತ್ತಾನೆ ಎಂಬ ತಿಳಿವಳಿಕೆ ಈ ಮನ್ನಣೆಯ ಹಿಂದಿದೆ. ಯುರೋಪಿನ ಆಲ್ಪ್ಸ್ ಪರ್ವತಶ್ರೇಣಿಯ ಸರೋವರಗಳೂ ಅವುಗಳ ದಡದ ಪುಟ್ಟ ಹಳ್ಳಿಗಳೂ ಇಂಥ ಬರವಣಿಗೆಯ ಪ್ರಸಿದ್ಧ ನೆಲೆಗಳು. ನೀರು, ಹಿಮ, ಪೈನ್ ಮರಗಳ ಕಾಡು, ಜನರಿಲ್ಲದ ದಾರಿ, ಇವುಗಳ ನಡುವೆ ನಡೆಯುವ ಒಬ್ಬ ಚಿಂತಕ: ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ಈ ಚಿತ್ರ ಹೆಚ್ಚು ಬದಲಾಗಿಲ್ಲ. ಈ ಬರಹಗಳಲ್ಲಿ ಮರಳಿ ಮರಳಿ ಬರುವ ಮಾತು ‘ಮೌನ’. ಆ ಮೌನ ಬೆಟ್ಟದ್ದೋ, ಹಳ್ಳಿಯದೋ ಅಥವಾ ಹಳ್ಳಿಯ ನುಡಿ ತಿಳಿಯದ ಯಾತ್ರಿಕನದೋ ಎಂಬ ಪ್ರಶ್ನೆಯನ್ನು ವಿಮರ್ಶೆ ಅಷ್ಟಾಗಿ ಎತ್ತಿಕೊಂಡಿಲ್ಲ. ಪ್ರಸ್ತುತ ಲೇಖನವು ಸ್ವಿಟ್ಜರ್ಲೆಂಡಿನ ಮೇಲಿನ ಎಂಗಾಡಿನ್ ಕಣಿವೆಯನ್ನು ಮುಖ್ಯ ನಿದರ್ಶನವಾಗಿ ಇರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

ಆಲ್ಪ್ಸ್ ಹಳ್ಳಿಗಾಡನ್ನು ಸಾಹಿತ್ಯಕ್ಕೆ ತಂದವರಲ್ಲಿ ಬರ್ನ್ ನಗರದ ಆಲ್ಬ್ರೆಕ್ಟ್ ಫಾನ್ ಹಾಲರ್ ಮೊದಲಿಗರ ಸಾಲಿನಲ್ಲಿದ್ದಾನೆ. ವೈದ್ಯನೂ ಸಸ್ಯವಿಜ್ಞಾನಿಯೂ ಆದ ಆತ 1728ರಲ್ಲಿ ಗೆಳೆಯ ಯೋಹಾನೆಸ್ ಗೆಸ್ನರ್‌ನೊಡನೆ ಪರ್ವತಗಳಲ್ಲಿ ಸಂಚರಿಸಿದ. ಆ ಅನುಭವದಿಂದ ಹುಟ್ಟಿದ ‘ಆಲ್ಪ್ಸ್’ ಎಂಬ ಜರ್ಮನ್ ಕಾವ್ಯ 1732ರಲ್ಲಿ ಅಚ್ಚಾಯಿತು. ಅದರಲ್ಲಿ ಗೊಲ್ಲರಿದ್ದಾರೆ, ಗಿಣ್ಣು ಮಾಡುವವರಿದ್ದಾರೆ, ಹಳ್ಳಿಯ ಆಟಪಾಟಗಳಿವೆ. ಆದರೆ ನಗರದ ಭೋಗಜೀವನಕ್ಕೆ ಎದುರಾಗಿ ನಿಲ್ಲಿಸಲೆಂದೇ ಅವರು ಅಲ್ಲಿರುವುದು. ಅವರ ಸದ್ಗುಣಗಳ ಪಟ್ಟಿ ದೊರೆಯುತ್ತದೆ. ಅವರ ಜಗಳ, ಸಾಲ, ಆಸೆಗಳ ಸುಳಿವು ದೊರೆಯುವುದಿಲ್ಲ.

ರೂಸೋನ ವಿಷಯ ಇಷ್ಟು ಸರಳವಲ್ಲ. 1765ರ ಸೆಪ್ಟೆಂಬರಿನಲ್ಲಿ ಮೋತಿಯೇ ಎಂಬ ಹಳ್ಳಿಯಲ್ಲಿ ಅವನ ಮನೆಯ ಮೇಲೆ ಕಲ್ಲುಗಳು ಬಿದ್ದವು. ಅಲ್ಲಿಂದ ಹೊರಟ ಅವನು ಬೀಲ್ ಸರೋವರದ ಸಂತ ಪೀಟರನ ದ್ವೀಪವನ್ನು ಸೇರಿ, ಬರ್ನ್ ಸರ್ಕಾರ ಹೊರಹಾಕುವವರೆಗೆ, ಅಂದರೆ ಸುಮಾರು ಆರು ವಾರ, ಅಲ್ಲಿದ್ದ. (ಈ ಸರೋವರ ಜೂರಾ ಬೆಟ್ಟಗಳ ಬುಡದಲ್ಲಿದೆ, ಕಟ್ಟುನಿಟ್ಟಾಗಿ ಹೇಳುವುದಾದರೆ ಆಲ್ಪ್ಸ್‌ನದಲ್ಲ. ಆದರೂ ಆಲ್ಪ್ಸ್ ಏಕಾಂತದ ಪರಂಪರೆ ಈ ಬರಹವನ್ನು ತನ್ನದಾಗಿಸಿಕೊಂಡಿದೆ.) ಅವನ ಮರಣಾನಂತರ, 1782ರಲ್ಲಿ ಪ್ರಕಟವಾದ ‘ಏಕಾಂಗಿ ಯಾತ್ರಿಕನ ಹಗಲುಗನಸುಗಳು’ ಕೃತಿಯ ಐದನೆಯ ವಿಹಾರ ಈ ವಾಸವನ್ನು ಕುರಿತದ್ದು. ದೋಣಿಯಲ್ಲಿ ಮಲಗಿ ಅಲೆಗಳ ಇಚ್ಛೆಗೆ ತನ್ನನ್ನು ಬಿಟ್ಟುಕೊಟ್ಟ ರೂಸೋನ ಚಿತ್ರ ಎಲ್ಲ ಓದುಗರಿಗೂ ನೆನಪಿರುತ್ತದೆ. ಅದೇ ಬರಹದಲ್ಲಿ ದ್ವೀಪದ ಮೇಲ್ವಿಚಾರಕ, ಅವನ ಹೆಂಡತಿ, ಆಳುಗಳು, ರೂಸೋನ ಸಂಗಾತಿ ತೆರೆಸ್ ಎಲ್ಲರೂ ಇದ್ದಾರೆ. ಅವನು ಹಣ್ಣಿನ ಕೊಯ್ಲಿಗೆ ಮರ ಹತ್ತುತ್ತಾನೆ. ಪಕ್ಕದ ಚಿಕ್ಕ ದ್ವೀಪಕ್ಕೆ ಮೊಲಗಳನ್ನು ಸಾಗಿಸುವ ಸಂಭ್ರಮದಲ್ಲಿ ಮನೆಮಂದಿಯ ಮುಂದಾಳಾಗುತ್ತಾನೆ. ಲೇಖಕ ಈ ಜನರನ್ನು ಮರೆಮಾಚಿಲ್ಲ. ದೋಣಿಯನ್ನು ಉಳಿಸಿಕೊಂಡು ಮೊಲಗಳನ್ನು ಕೈಬಿಟ್ಟದ್ದು ನಂತರದ ಓದು.

ಕನ್ನಡದ ನವೋದಯ ತಲೆಮಾರಿಗೆ ಪರ್ವತ ಏಕಾಂತದ ಕಲ್ಪನೆ ದೊರೆತ ಮುಖ್ಯ ದಾರಿಗಳಲ್ಲಿ ವರ್ಡ್ಸ್‌ವರ್ತ್ ಒಂದು. ಅವನು 1790ರ ಬೇಸಿಗೆಯಲ್ಲಿ, ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದಾಗ, ಗೆಳೆಯ ರಾಬರ್ಟ್ ಜೋನ್ಸ್‌ನೊಡನೆ ಕಾಲ್ನಡಿಗೆಯಲ್ಲಿ ಆಲ್ಪ್ಸ್ ದಾಟಿದ. ‘ಪ್ರಿಲ್ಯೂಡ್’ ಆತ್ಮಕಥನ ಕಾವ್ಯದ ಆರನೆಯ ಭಾಗದಲ್ಲಿ ಸಿಂಪ್ಲಾನ್ ಕಣಿವೆಮಾರ್ಗದ ಪ್ರಸಂಗ ಬರುತ್ತದೆ. ದಾರಿ ತಪ್ಪಿದ ಗೆಳೆಯರು ಇನ್ನೂ ಮೇಲಕ್ಕೆ ಏರಬೇಕೆಂದು ನಂಬಿದ್ದಾಗ ಎದುರಾದ ರೈತನೊಬ್ಬ, ಇನ್ನು ತೊರೆಯ ಜಾಡು ಹಿಡಿದು ಕೆಳಗಿಳಿಯಬೇಕೆಂದು ತಿಳಿಸುತ್ತಾನೆ. ಆಲ್ಪ್ಸ್ ದಾಟಿಯಾಗಿದೆ ಎಂಬ ಅರಿವು ಆಗ ಮೂಡುತ್ತದೆ. ಈ ಭಾಗವನ್ನು ಕುರಿತ ವಿಮರ್ಶೆ ಅಪಾರ. ಅದರ ಬಹುಪಾಲು ಕಲ್ಪನಾಶಕ್ತಿಯ ಚರ್ಚೆಗೆ ಮೀಸಲು. ಆದರೆ ಇಡೀ ಪ್ರಸಂಗದ ತಿರುವು ನಿಂತಿರುವುದು ಒಬ್ಬ ಹೆಸರಿಲ್ಲದ ಸ್ಥಳೀಯನ ಮಾತಿನ ಮೇಲೆ. ಯಾತ್ರಿಕರು ಅವನನ್ನು ಮತ್ತೆ ಮತ್ತೆ ಪ್ರಶ್ನಿಸುತ್ತಾರೆ. ಕೇಳಿದ್ದನ್ನು ನಂಬಲು ಅವರಿಗೆ ಇಷ್ಟವಿಲ್ಲ. ಪರ್ವತವನ್ನು ಬಲ್ಲವನು ಆಡಿದ ಮಾತು ಕವಿಗೆ ನಿರಾಸೆಯಾಗಿ ತಲುಪಿ, ಆ ನಿರಾಸೆ ಕಾವ್ಯವಾಯಿತು. ರೈತ ಎತ್ತ ಹೋದನೆಂಬುದನ್ನು ಕಾವ್ಯ ವಿಚಾರಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಎಂಗಾಡಿನ್ ಕಣಿವೆಯ ಸಿಲ್ಸ್ ಮರಿಯಾ ಹಳ್ಳಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಸಿಲ್ಸ್ ಮತ್ತು ಸಿಲ್ವಾಪ್ಲಾನಾ ಸರೋವರಗಳ ನಡುವಿನ ಬಯಲಿನಲ್ಲಿ ಈ ಹಳ್ಳಿ ಇದೆ. ಹಿಮನದಿಗಳು ಕೊರೆದ ಈ ಕಣಿವೆಯಲ್ಲಿ ಇನ್ ನದಿ ಸರೋವರದಿಂದ ಸರೋವರಕ್ಕೆ ಹರಿದು ಕೊನೆಗೆ ಡ್ಯಾನ್ಯೂಬನ್ನು ಸೇರುತ್ತದೆ. ಬೇಸಿಗೆಯ ಬೆಳಗಿನಲ್ಲಿ ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಲೋಯಾ ಕಣಿವೆಮಾರ್ಗದಿಂದ ಗಾಳಿ ಬೀಸತೊಡಗಿ ಅಲೆಗಳೇಳುತ್ತವೆ. ಯಾತ್ರಿಕರು ಬಣ್ಣಿಸಿದ ನಿಶ್ಚಲ ಸರೋವರಕ್ಕೆ ಹೀಗೆ ಒಂದು ಹೊತ್ತಿದೆ.

ನೀಟ್ಷೆ ಇಲ್ಲಿಗೆ ಮೊದಲು ಬಂದದ್ದು 1881ರ ಬೇಸಿಗೆಯಲ್ಲಿ. ಅನಾರೋಗ್ಯದಿಂದಾಗಿ 1879ರಲ್ಲಿ ಬಾಸೆಲ್ ವಿಶ್ವವಿದ್ಯಾನಿಲಯದ ಹುದ್ದೆ ತೊರೆದು, ನಿವೃತ್ತಿ ವೇತನದಲ್ಲಿ ಬದುಕುತ್ತಿದ್ದ ಅವನಿಗೆ ತಲೆನೋವು ಮತ್ತು ಕ್ಷೀಣಿಸುತ್ತಿದ್ದ ದೃಷ್ಟಿ ನಿರಂತರ ಸಂಗಾತಿಗಳಾಗಿದ್ದವು. 1883ರಿಂದ 1888ರವರೆಗೆ ಪ್ರತಿ ಬೇಸಿಗೆಯಲ್ಲೂ ಅವನು ಸಿಲ್ಸ್‌ಗೆ ಮರಳಿದ. ದಿನಕ್ಕೆ ಹಲವು ಗಂಟೆ ಒಬ್ಬನೇ ನಡೆಯುವುದು, ಹೊಳೆದದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಗೀಚುವುದು ಅವನ ಕ್ರಮ. 1881ರ ಆಗಸ್ಟಿನಲ್ಲಿ ಸಿಲ್ವಾಪ್ಲಾನಾ ಸರೋವರದ ದಂಡೆಯಲ್ಲಿ, ಸುರ್‌ಲೇಯ್‌ಗೆ ಸಮೀಪದ ಪಿರಮಿಡ್ ಆಕಾರದ ಬಂಡೆಯ ಬಳಿ, ನಿತ್ಯ ಪುನರಾವರ್ತನೆಯ ವಿಚಾರ ತನಗೆ ಹೊಳೆಯಿತೆಂದು ಅವನೇ ದಾಖಲಿಸಿದ್ದಾನೆ. ‘ಜರತುಷ್ಟ್ರ’ದ ಎರಡನೆಯ ಭಾಗ ಸಿದ್ಧವಾದದ್ದು 1883ರಲ್ಲಿ ಇದೇ ಹಳ್ಳಿಯಲ್ಲಿ. ಸಿಲ್ಸ್ ಸರೋವರದೊಳಗೆ ಚಾಚಿಕೊಂಡ ಶಾಸ್ತೆ ಎಂಬ ಭೂಶಿರದ ಮೇಲೆ ಒಂದು ಪುಟ್ಟ ಗುಡಿಸಲು ಕಟ್ಟಿಕೊಂಡು ಇದ್ದುಬಿಡುವ ಆಸೆಯೂ ಅವನಿಗಿತ್ತು.

ಗುಡಿಸಲು ಆಗಲಿಲ್ಲ. ಅವನು ವಾಸಿಸಿದ್ದು ದೂರಿಶ್ ಕುಟುಂಬದವರ ಮನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ. ಮಧ್ಯಾಹ್ನದ ಊಟ ಹಳ್ಳಿಯ ಹೋಟೆಲಿನಲ್ಲಿ. ನಡಿಗೆಯಲ್ಲೂ ಅವನು ಸದಾ ಒಬ್ಬನೇ ಇರಲಿಲ್ಲ. ಮೆಟಾ ಫಾನ್ ಸಾಲಿಸ್, ಹೆಲೆನ್ ಜಿಮ್ಮರ್ನ್ ಮೊದಲಾದ ವಿದ್ಯಾವಂತ ಮಹಿಳೆಯರು ಇಲ್ಲಿ ಅವನೊಡನೆ ಸಂಭಾಷಿಸುತ್ತ ನಡೆದಿದ್ದಾರೆ. ಸಾಲಿಸ್ 1897ರಲ್ಲಿ ಅವನ ಬಗ್ಗೆ ಪುಸ್ತಕವನ್ನೇ ಬರೆದಳು. ಇದನ್ನೆಲ್ಲ ಹೇಳುವುದರಿಂದ ಅವನ ಏಕಾಂತ ಸುಳ್ಳೆಂದು ಸಾಧಿಸಿದಂತಾಗುವುದಿಲ್ಲ. ಕನ್ನಡದಲ್ಲಿ ‘ಒಂಟಿತನ’ ಮತ್ತು ‘ಏಕಾಂತ’ ಬೇರೆಬೇರೆ ಅರ್ಥಛಾಯೆಗಳ ಪದಗಳು. ಒಂಟಿತನ ಮನುಷ್ಯನ ಮೇಲೆ ಬಂದು ಬೀಳುತ್ತದೆ, ಏಕಾಂತವನ್ನು ಏರ್ಪಡಿಸಿಕೊಳ್ಳಬೇಕಾಗುತ್ತದೆ. ಏರ್ಪಾಡು ಎಂದಮೇಲೆ ಅದಕ್ಕೆ ಒಲೆ ಹೊತ್ತಿಸುವವರು, ಹಾಸಿಗೆ ಕೊಡವುವವರು, ದಾರಿಯ ಹಿಮ ಸರಿಸುವವರು ಬೇಕು. ಜರತುಷ್ಟ್ರನ ಗುಹೆಯಲ್ಲಿ ಇವರಿಗೆ ಎಡೆಯಿಲ್ಲ. ದೂರಿಶ್‌ರ ಮನೆಯಲ್ಲಿ ಎಡೆಯಿತ್ತು.

ಇನ್ನು ಹಳ್ಳಿಯ ‘ಮೌನ’. ಸಿಲ್ಸ್ ಜನರ ಪರಂಪರಾಗತ ನುಡಿ ರೊಮಾನ್ಶ್. ಲ್ಯಾಟಿನ್ನಿನಿಂದ ಕವಲೊಡೆದ ಸಣ್ಣ ಭಾಷೆ. ಆ ನುಡಿಯಲ್ಲಿ ಊರಿನ ಹೆಸರು ಸೆಗ್ಲ್, ಸರೋವರಕ್ಕೆ ‘ಲೇಯ್’. ಜಾನ್ ಟ್ರಾವರ್ಸ್ ಮುಸ್ಸೊ ಯುದ್ಧವನ್ನು ಕುರಿತು ಈ ಕಣಿವೆಯ ನುಡಿಯಲ್ಲಿ ದೀರ್ಘ ಕಥನಗೀತೆ ರಚಿಸಿದ್ದು 1527ರಲ್ಲಿ. ಇದೇ ಮೇಲಿನ ಎಂಗಾಡಿನ್‌ನ ಸಮೇದನ್ ಊರಿನ ಯಾಕಿಯಮ್ ಬಿಫ್ರುನ್ ಬೈಬಲಿನ ಹೊಸ ಒಡಂಬಡಿಕೆಯನ್ನು ಅನುವಾದಿಸಿ ಅಚ್ಚುಹಾಕಿಸಿದ್ದು 1560ರಲ್ಲಿ. ಅಂದರೆ ಹಾಲರ್ ಆಲ್ಪ್ಸ್ ರೈತರ ಮುಗ್ಧತೆಯನ್ನು ಜರ್ಮನಿನಲ್ಲಿ ಹಾಡುವ ಹೊತ್ತಿಗೆ ಈ ಕಣಿವೆಯ ಜನ ತಮ್ಮ ನುಡಿಯಲ್ಲಿ ಓದಲು ಬರೆಯಲು ತೊಡಗಿ ಒಂದೂವರೆ ಶತಮಾನ ಕಳೆದಿತ್ತು. ಹೊರಗಿನ ಯಾತ್ರಿಕರು ಜರ್ಮನ್, ಫ್ರೆಂಚ್, ಇಂಗ್ಲಿಷುಗಳಲ್ಲಿ ಬರೆದರು. ಅವರ ಕಿವಿಗೆ ರೊಮಾನ್ಶ್ ಮಾತು ಗಾಳಿ, ದನದ ಗಂಟೆಗಳ ಸಾಲಿಗೆ ಸೇರಿದ ಒಂದು ಸದ್ದು. ಅರ್ಥವಾಗದ ಮಾತು ಬರಹದಲ್ಲಿ ಮೌನವಾಗುವುದು ಹೀಗೆ.

ಹಳ್ಳಿಗಳು ನಿಜಕ್ಕೂ ನಿಶ್ಶಬ್ದವಾಗಿದ್ದಲ್ಲಿ ಅದಕ್ಕೂ ಚರಿತ್ರೆಯಿದೆ. ನೀಟ್ಷೆಯ ಬಂಡೆಗೆ ಸಮೀಪದ ಸುರ್‌ಲೇಯ್ 1793ರಲ್ಲಿ ಬೆಟ್ಟದಿಂದಿಳಿದ ಮಣ್ಣುಕಲ್ಲುಗಳ ಪ್ರವಾಹಕ್ಕೆ ಸಿಕ್ಕಿ ಹಾಳಾದ ಊರು. ಆ ಬಂಡೆಯನ್ನು ಕುರಿತ ಅಸಂಖ್ಯ ಬರಹಗಳಲ್ಲಿ ಈ ಸಂಗತಿಗೆ ಸಿಕ್ಕ ಜಾಗ ಅತ್ಯಲ್ಪ.

ಇದಕ್ಕಿಂತ ದೊಡ್ಡ ಕಾರಣ ವಲಸೆ. ಎತ್ತರದ ಈ ಕಣಿವೆಯಲ್ಲಿ ಬೆಳೆ ಕಡಿಮೆ, ಚಳಿಗಾಲ ದೀರ್ಘ. ಗಂಡಸರು ತಲೆಮಾರುಗಳ ಕಾಲ ವೆನಿಸ್ಸಿಗೆ ಹೋಗಿ ಮಿಠಾಯಿ, ರೊಟ್ಟಿಗಳ ಕಸುಬು ಹಿಡಿದರು. 1766ರಲ್ಲಿ ವೆನಿಸ್ ಗಣರಾಜ್ಯ ಅವರಿಗಿದ್ದ ಸವಲತ್ತುಗಳನ್ನು ಕಿತ್ತುಕೊಂಡಾಗ ಅದೇ ಕಸುಬನ್ನು ಹೊತ್ತು ಯುರೋಪಿನ ಇತರ ನಗರಗಳಿಗೆ ಹರಡಿಕೊಂಡರು. ಬರ್ಲಿನ್ನಿನಲ್ಲಿ ಸಾಹಿತಿಗಳೂ ಕಲಾವಿದರೂ ಕೂಡುತ್ತಿದ್ದ ಪ್ರಸಿದ್ಧ ಯೋಸ್ಟಿ ಕಾಫಿಗೃಹದ ಮೂಲಪುರುಷರು ಸಿಲ್ಸ್‌ನವರು. ಆ ಮನೆತನದ ಯೋಹಾನ್ ಯೋಸ್ಟಿ ಗಳಿಸಿದ ಹಣದಿಂದ 1817ರಲ್ಲಿ ಊರಿನಲ್ಲಿ ಕಟ್ಟಿಸಿದ ದೊಡ್ಡ ಮನೆ ಮುಂದೆ ಹೋಟೆಲಾಗಿ ಇಂದಿಗೂ ನಿಂತಿದೆ. ಊರಿಗೆ ಬೇಸಿಗೆಯಲ್ಲಿ ಮರಳುವ ಇಂಥ ವಲಸಿಗರನ್ನು ರೊಮಾನ್ಶ್ ನುಡಿ ‘ರಂದುಲಿನ್’ ಎಂದು ಕರೆಯುತ್ತದೆ. ಚಳಿಗಾಲಕ್ಕೆ ದೂರ ಹಾರಿ ಬೇಸಿಗೆಗೆ ಗೂಡಿಗೆ ಮರಳುವ ಕವಲುಬಾಲದ ಪುಟ್ಟ ಹಕ್ಕಿಯ ಹೆಸರಿನಿಂದ ಬಂದ ಪದವಿದು. ಜರ್ಮನ್ ಚಿಂತಕ ನಗರಗಳ ಗದ್ದಲಕ್ಕೆ ಬೇಸತ್ತು ಸಿಲ್ಸ್‌ಗೆ ಬಂದ. ಸಿಲ್ಸ್‌ನ ಮಕ್ಕಳು ಅದಕ್ಕೆ ಎಷ್ಟೋ ಮೊದಲೇ ಜರ್ಮನ್ ನಗರದ ಗದ್ದಲಕ್ಕೆ ಕಾಫಿ ಒದಗಿಸುತ್ತಿದ್ದರು. ಲೋಕ ಕಾಣದ ಹಳ್ಳಿ ಎಂಬ ಬಣ್ಣನೆ ಈ ಊರಿಗೆ ಹೊಂದುವುದಿಲ್ಲ. ಯಾತ್ರಿಕನಿಗಿಂತ ಹೆಚ್ಚು ದೂರ ಹೋಗಿಬಂದವರು ಅವನ ಪಕ್ಕದ ಮನೆಯಲ್ಲೇ ಇದ್ದಿರಬಹುದು.

ವಲಸೆಯ ಈ ಅನುಭವ ರೊಮಾನ್ಶ್ ಸಾಹಿತ್ಯದ ಒಳಗೂ ಇದೆ. ಕವಿ ಪೈದರ್ ಲಾನ್ಸೆಲ್ (1863-1943) ಕೆಳ ಎಂಗಾಡಿನ್‌ನ ಸೆಂಟ್ ಊರಿನ ಮನೆತನದವನು, ಹುಟ್ಟಿದ್ದು ಇಟಲಿಯ ಪೀಸಾದಲ್ಲಿ. ಹೊರಗಿನವರು ಏಕಾಂತಕ್ಕಾಗಿ ಬಂದ ನಾಡನ್ನು ಒಳಗಿನವನು ಅಗಲಿಕೆಯಿಂದ ಕಂಡ ಬಗೆ ಇಲ್ಲಿಯ ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು. ಚಿತ್ರಕಲೆಯಲ್ಲಿ ಇಂಥ ಬೇರೆ ನೋಟ ಬೇಕೆಂದರೆ 1894ರಿಂದ ಮಲೋಯಾದಲ್ಲಿ ನೆಲೆಸಿದ್ದ ಜೊವಾನ್ನಿ ಸೆಗಾಂತೀನಿಯ ಕೃತಿಗಳಿವೆ. ಅವನ ಪರ್ವತಗಳ ಮುಂದೆ ದನ ಮೇಯಿಸುವ, ಹುಲ್ಲು ಹೊರುವ, ಶವ ಸಾಗಿಸುವ ಜನರಿದ್ದಾರೆ.

ಕನ್ನಡದ ಓದುಗನಿಗೆ ಇಲ್ಲಿ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ನೆನಪಾಗುವುದು ಸಹಜ. ವರ್ಡ್ಸ್‌ವರ್ತನನ್ನು ಚೆನ್ನಾಗಿ ಓದಿಕೊಂಡಿದ್ದ ಲೇಖಕನ ಆ ಕೃತಿಯಲ್ಲಿ ಕಾಡು ನಿರ್ಜನವಲ್ಲ. ಬೇಟೆಗಾರರು, ಆಳುಗಳು, ಮನೆಮಂದಿ, ನಾಯಿಗಳಿಂದ ಕಿಕ್ಕಿರಿದಿದೆ. ಊರಿನ ನುಡಿ ಬಲ್ಲವನಿಗೆ ಬೆಟ್ಟ ಮೌನವಾಗಿರಲು ಒಪ್ಪುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಅದೇ ಕವಿಯ ಭಾವಗೀತೆಗಳಲ್ಲಿ ನಿರ್ಜನತೆ ಮರಳುತ್ತದೆ ಎಂಬುದೂ ನಿಜ. ಒಬ್ಬನೇ ಲೇಖಕ ಒಂದೇ ನೆಲದಲ್ಲಿ ಎರಡೂ ಆಗಬಲ್ಲನೆಂದರೆ, ಏಕಾಂತವು ಸ್ಥಳದ ಗುಣಕ್ಕಿಂತ ಬರವಣಿಗೆಯ ಪ್ರಕಾರಕ್ಕೆ ಹೆಚ್ಚು ಕಟ್ಟುಬಿದ್ದಿದೆ ಎಂದಾಗುತ್ತದೆ. ನಮ್ಮ ಪ್ರವಾಸ ಸಾಹಿತ್ಯದ ಸಮೀಕ್ಷೆಗಳು ಹಿಮಾಲಯ ಅಥವಾ ಯುರೋಪಿನ ಕಥನಗಳನ್ನು ‘ಅಂತರ್ಮುಖಿ’ ಎಂದು ಹೊಗಳಿ ಮುಂದೆ ಸಾಗುವಾಗ ಈ ವ್ಯತ್ಯಾಸವನ್ನು ಗಮನಿಸಿದಂತೆ ತೋರುವುದಿಲ್ಲ.

ಸಿಲ್ಸ್‌ನ ನಿಶ್ಶಬ್ದ ಈಗಲೂ ಉಳಿದಿರುವುದಕ್ಕೆ ಜನರ ಹೋರಾಟವೇ ಕಾರಣ. 1904ರಲ್ಲಿ ರೈಲು ಸೇಂಟ್ ಮೊರಿಟ್ಜ್ ತಲುಪಿದ ಮೇಲೆ ಕಣಿವೆಗೆ ಪ್ರವಾಸಿಗರ ಹರಿವು ಹೆಚ್ಚಿತು. ಸಿಲ್ಸ್ ಸರೋವರದ ನೀರನ್ನು ವಿದ್ಯುತ್ ಉತ್ಪಾದನೆಗೆ ಬಳಸುವ ಯೋಜನೆಗಳೂ ತಲೆಯೆತ್ತಿದವು. ಅದನ್ನು ತಡೆದು ಸರೋವರವನ್ನು ಕಾಪಾಡಲು 1946ರಲ್ಲಿ ನಾಣ್ಯದಾಕಾರದ ಚಾಕೊಲೇಟುಗಳನ್ನು ದೇಶದಾದ್ಯಂತ ಮಾರಿ ನಿಧಿ ಕೂಡಿಸಲಾಯಿತು. ನೀಟ್ಷೆ ಇದ್ದ ಮನೆ 1960ರಿಂದ ವಸ್ತುಸಂಗ್ರಹಾಲಯ. ನುಡಿಯ ಕಥೆ ಬೇರೆ. 1938ರ ಜನಮತಗಣನೆ ರೊಮಾನ್ಶ್‌ಗೆ ರಾಷ್ಟ್ರೀಯ ಭಾಷೆಯ ಸ್ಥಾನವನ್ನೂ, 1996ರದು ಒಕ್ಕೂಟದ ಮಟ್ಟದಲ್ಲಿ ಸೀಮಿತ ಆಡಳಿತ ಭಾಷೆಯ ಸ್ಥಾನವನ್ನೂ ನೀಡಿದವು. ಆದರೆ ಹೋಟೆಲು, ಅಂಗಡಿ, ಬಾಡಿಗೆ ಕೋಣೆಗಳ ವ್ಯವಹಾರ ನಡೆದದ್ದು ಬಂದವರ ನುಡಿಯಲ್ಲಿ. ಇಂದು ಸಿಲ್ಸ್‌ನ ನಿತ್ಯಜೀವನದಲ್ಲಿ ಜರ್ಮನ್ನಿನದೇ ಮೇಲುಗೈ. ರೊಮಾನ್ಶ್ ಊರಿನ ಹೆಸರುಗಳಲ್ಲಿ, ಕೆಲವು ಮನೆಗಳಲ್ಲಿ, ಹಳೆಯ ಗೋಡೆಗಳ ಗಾರೆಯಲ್ಲಿ ಕೊರೆದ ಬರಹಗಳಲ್ಲಿ ಕಾಣಸಿಗುತ್ತದೆ.