ಹಳೆಯ ಪಿಕಪ್‌ಗೆ ಹೊಸ ತಗಡು

ಕನ್ನಡ ಟೀಚರ್ ಗಾಡಿಯ ತಗಡು ತಟ್ಟುವ ಬಗ್ಗೆ ಬರೆಯುವುದೇ ಎಂದು ನಗಬೇಡಿ. 'ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಿಮಗೆ ಎಷ್ಟೋ ಸಲ ಪ್ರಶ್ನೆ ಕೊಟ್ಟಿದ್ದೇನೆ. ಉತ್ತರಕ್ಕೆ ಅಂಕವನ್ನೂ ಹಾಕಿದ್ದೇನೆ. ಆದರೆ ಆ ಗಾದೆ ನನಗೆ ಸರಿಯಾಗಿ ಅರ್ಥವಾದದ್ದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಗ್ಯಾರೇಜಿನಲ್ಲಿ!

ನಮ್ಮ ಯಜಮಾನರು ಏಸಿ ರಿಪೇರಿ ಕೆಲಸ ಮಾಡುವವರು. ಏಣಿ, ಗ್ಯಾಸ್ ಸಿಲಿಂಡರ್, ತಾಮ್ರದ ಪೈಪು ಎಲ್ಲವನ್ನೂ ಹೊತ್ತು ತಿರುಗಲು 2019ರಲ್ಲಿ ಒಂದು ಹಳೆಯ ಪಿಕಪ್ ಕೊಂಡರು. 2007ರ ಮಾಡೆಲ್. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಬಾಗಿಲ ಹಿಂದೆ, ಕ್ಯಾಬಿನಿನ ಕೆಳಮೂಲೆಯಲ್ಲಿ, ಬಣ್ಣದ ಮೇಲೆ ಸಾಸಿವೆಯಷ್ಟು ದೊಡ್ಡ ಗುಳ್ಳೆಗಳು ಎದ್ದವು. 2021ರ ಕೊನೆಯಲ್ಲಿ ಮುಲ್ಕಿಯಾ ನವೀಕರಣಕ್ಕೆ ಹೋದಾಗ ತಪಾಸಣೆಯವರು ಅದನ್ನೇ ತೋರಿಸಿ, ಸರಿಪಡಿಸಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಪಾಸಿಂಗ್ ಆಗದೆ ಗಾಡಿ ಓಡಿಸುವಂತಿಲ್ಲ, ಗಾಡಿ ಓಡದೆ ನಮ್ಮ ಮನೆ ನಡೆಯುವಂತಿಲ್ಲ. ಕೇಳಿದ ಕಡೆಯಲ್ಲೆಲ್ಲ ಎರಡು ತಿಂಗಳ ಬಾಡಿಗೆಯಷ್ಟು ಖರ್ಚು ಹೇಳಿದರು.

ಕೊನೆಗೆ ಸಿಕ್ಕಿದವರು ಬಂಟ್ವಾಳದ ಕಡೆಯ ಒಬ್ಬ ಹಿರಿಯ ಟಿಂಕರ್. ಎಲ್ಲರಿಗೂ ಅವರು 'ಉಸ್ತಾದ್'. ಅವರು ಗುಳ್ಳೆಯನ್ನು ಉಗುರಿನಿಂದ ಕೆರೆದು ಹೇಳಿದರು: "ಟೀಚರ್, ಇದು ಬರೀ ಹೊಗೆ. ಬೆಂಕಿ ಒಳಗೆ ಉಂಟು. ಉಜ್ಜುವ, ಕೆರೆಯುವ ಕೆಲಸ ನೀವಿಬ್ಬರೂ ಮಾಡಿದರೆ ನಾನು ವೆಲ್ಡಿಂಗಿನದ್ದು, ಪೇಂಟಿನದ್ದು ಮಾತ್ರ ದುಡ್ಡು ತಗೊಳ್ತೇನೆ." ಹೀಗೆ ನಾನು ನಾಲ್ಕು ರಜಾದಿನ ವಿದ್ಯಾರ್ಥಿನಿಯಾದೆ.

ಗುಳ್ಳೆ ಯಾಕೆ ಏಳುತ್ತದೆ? ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಾಗಿದಾಗ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ತು ಅದರಲ್ಲಿ ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಬೇಗ ಬೇಗ ನಡೆಯುತ್ತದೆ. ಮಳೆಯೇ ಇಲ್ಲದ ಈ ಊರಿನಲ್ಲಿ ತುಕ್ಕು ಎಲ್ಲಿಂದ ಎಂದು ನಾನೂ ಕೇಳಿದ್ದೆ. ಬೇಸಿಗೆಯ ರಾತ್ರಿ ಗಾಡಿಯ ಮೇಲೆ ಇಳಿಯುವ ತೇವವನ್ನು ನೋಡಿದ್ದೀರಲ್ಲ? ಸಮುದ್ರದ ಉಪ್ಪು ಗಾಳಿಯಲ್ಲೇ ಇದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹಾಗಾಗಿ ಮೇಲಿನ ಬಣ್ಣವನ್ನು ನೂಕಿ ಎಬ್ಬಿಸುತ್ತದೆ. (ಇಲ್ಲೊಂದು ಮಾತು: ಹಿತ್ತಾಳೆ, ತಾಮ್ರಕ್ಕೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಪರೀಕ್ಷೆಯಲ್ಲಿ ಕೆಲವರು ಅದಲು ಬದಲು ಮಾಡುತ್ತೀರಿ.)

ಉಸ್ತಾದ್ ಮೊದಲು ಕೊಟ್ಟದ್ದು ಸುತ್ತಿಗೆಯಲ್ಲ, ಬಟ್ಟೆ ಸುತ್ತಿದ ಒಂದು ಪುಟ್ಟ ಅಯಸ್ಕಾಂತ. ಅದನ್ನು ಬಾಗಿಲಿಗೆ ಹಿಡಿದರೆ ಟಪ್ಪನೆ ಅಂಟಿತು. ಕೆಳಮೂಲೆಗೆ ಹಿಡಿದರೆ ಜಾರಿ ಬಿದ್ದೇ ಹೋಯಿತು! ಅಲ್ಲಿ ತಗಡಿನ ಮೇಲೆ ದಪ್ಪ ಪುಟ್ಟಿ ಇತ್ತು. ಬೆರಳಿನಿಂದ ತಟ್ಟಿದರೆ ಸದ್ದೂ ಮಂದ. ನಮಗೆ ಮಾರಿದವರು ತುಕ್ಕನ್ನು ತೆಗೆಯದೆ ಅದರ ಮೇಲೆಯೇ ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದರು. ಕೆರೆದಾಗ ಬೆರಳು ದಪ್ಪದ ಹಲ್ಲೆಗಳು ಉದುರಿದವು, ಹಿಂದೆ ನನ್ನ ಅಂಗೈ ಹಿಡಿಸುವ ತೂತು.

ತೂತು ದೊಡ್ಡದೇ, ಆದರೆ ಪುಣ್ಯಕ್ಕೆ ಕೆಳಗಿನ ಚಾಸಿ ಗಟ್ಟಿಯಾಗಿತ್ತು. ಗಾಡಿಯ ಭಾರವನ್ನೆಲ್ಲ ಹೊರುವುದು ಚಾಸಿ. ಅದೇ ತುಕ್ಕು ತಿಂದಿದ್ದರೆ ಈ ಗಾಡಿಯನ್ನು ಗುಜರಿಗೆ ಕೊಡಿ ಎಂದೇ ಹೇಳುತ್ತಿದ್ದೆ ಎಂದರು ಉಸ್ತಾದ್.

ಹಿಂಬದಿಯ ಬಾಗಿಲಿನಲ್ಲಿ ಒಂದು ತಗ್ಗಿತ್ತು. ತಟ್ಟುವುದನ್ನು ಕಲಿತದ್ದು ಅದರ ಮೇಲೆ. ಒಂದು ಕೈಯಲ್ಲಿ ಸುತ್ತಿಗೆ, ತಗಡಿನ ಹಿಂದೆ ಇನ್ನೊಂದು ಕೈಯಲ್ಲಿ ಡಾಲಿ. ಡಾಲಿ ಎಂದರೆ ಗೊಂಬೆಯಲ್ಲ, ಹಿಡಿಯೊಳಗೆ ಕೂರುವ ನುಣುಪಾದ ಉಕ್ಕಿನ ಗಟ್ಟಿ. ತಗ್ಗಿನ ನಡುವಿಗೆ ಹೊಡೆಯಬೇಕೆಂದು ಯಾರಿಗೂ ಅನಿಸುತ್ತದೆ. ಅದೇ ತಪ್ಪು. ಪೆಟ್ಟು ಬಿದ್ದಾಗ ಮೊದಲು ನಡು ಕುಸಿದು, ಕೊನೆಗೆ ಅಂಚಿನಲ್ಲಿ ಏಣು ಎದ್ದಿರುತ್ತದೆ. ಬಿಡಿಸುವಾಗ ಕೊನೆಯದು ಮೊದಲು. ಡಾಲಿಯಿಂದ ತಗ್ಗನ್ನು ಹಿಂದಿನಿಂದ ಒತ್ತಿ ಹಿಡಿದು, ಸುತ್ತಿಗೆಯಿಂದ ಅಂಚಿನ ಏಣನ್ನು ಮೆಲ್ಲಗೆ ತಟ್ಟುತ್ತ ಒಳಗೆ ಬರಬೇಕು. ತಗಡಿನ ದಪ್ಪ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಸುತ್ತಿಗೆ ಮತ್ತು ಡಾಲಿಯ ನಡುವೆ ಅದನ್ನು ಜೋರಾಗಿ ಜಜ್ಜಿದರೆ ಚಪಾತಿ ಹಿಟ್ಟಿನಂತೆ ಹಿಗ್ಗುತ್ತದೆ. ಹಿಗ್ಗಿದ ತಗಡು ಡಬ್ಬಿಯ ತಳದ ಹಾಗೆ 'ಟಕ್' ಎಂದು ಒಳಗೆ ಹೊರಗೆ ಆಡುತ್ತದೆ, ಅದನ್ನು ಸರಿಮಾಡುವುದು ಮತ್ತೊಂದು ದೊಡ್ಡ ಕೆಲಸ. ತಗ್ಗು ಹೋಯಿತೋ ಇಲ್ಲವೋ ಎಂದು ನೋಡಲು ಕಣ್ಣಿಗಿಂತ ಅಂಗೈಯೇ ಮೇಲು. ಕಣ್ಣು ಮುಚ್ಚಿ ಸವರಿದರೆ ಕಾಗದದಷ್ಟು ಏರಿಳಿತವೂ ತಿಳಿಯುತ್ತದೆ. ನನಗೆ ಮೂರನೆಯ ವಾರ ತಿಳಿಯತೊಡಗಿತು.

ಇನ್ನು ನನ್ನ ತಪ್ಪಿನ ಕಥೆ. ಎರಡನೆಯ ಶುಕ್ರವಾರ ಉಸ್ತಾದ್ ಜುಮಾ ನಮಾಜಿಗೆ ಹೋಗಿದ್ದರು. ಪಾಸಿಂಗ್ ದಿನ ಹತ್ತಿರ ಬರುತ್ತಿತ್ತು. ಎಡಮೂಲೆಯಲ್ಲಿ ಸಣ್ಣ ತೂತು ಒಂದೇ ಇತ್ತು. ಹಿಂದೆ ಜಾಲರಿ ಇಟ್ಟು ಪುಟ್ಟಿ ಮೆತ್ತಿಬಿಟ್ಟೆ. ನುಣುಪಾಗಿ, ಚೆಂದವಾಗಿ ಬಂದಿತ್ತು! ವಾಪಸು ಬಂದ ಉಸ್ತಾದ್ ಏನೂ ಹೇಳದೆ ಸ್ಕ್ರೂಡ್ರೈವರಿನ ತುದಿಯಿಂದ ಒಮ್ಮೆ ಕುಟ್ಟಿದರು. ಇಡೀ ಬಿಲ್ಲೆ ಕಳಚಿ ಕೆಳಗೆ ಬಿತ್ತು. "ಗಾಯಕ್ಕೆ ಯಾರಾದರೂ ಪೌಡರ್ ಹಾಕ್ತಾರಾ ಟೀಚರ್? ನಿಮಗೆ ಮಾರಿದವನೂ ಇದನ್ನೇ ಮಾಡಿದ್ದಲ್ವಾ?" ಎಂದರು. ನಾಚಿಕೆಯಾಯಿತು. ಅವನನ್ನು ಎರಡು ವಾರದಿಂದ ಬೈಯುತ್ತಿದ್ದವಳು ನಾನೇ.

ಸರಿಯಾದ ಕ್ರಮ ಹೀಗೆ. ತುಕ್ಕು ಹಿಡಿದದ್ದನ್ನು ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಅಳತೆಗೆ ಸರಿಯಾಗಿ ಹೊಸ ತಗಡು ಕತ್ತರಿಸಿ ವೆಲ್ಡ್ ಮಾಡಬೇಕು. ಅದಕ್ಕೆ ಮೊದಲು ಬ್ಯಾಟರಿಯ ತಂತಿ ಕಳಚಬೇಕು, ಹತ್ತಿರ ಪೆಟ್ರೋಲ್ ಪೈಪ್, ಸೀಟಿನ ಬಟ್ಟೆ ಇರಕೂಡದು. ವೆಲ್ಡಿಂಗನ್ನು ಉದ್ದಕ್ಕೆ ಎಳೆಯದೆ ಇಲ್ಲೊಂದು ಅಲ್ಲೊಂದು ಚುಕ್ಕಿ ಹಾಕುತ್ತ ಹೋದರು. ಒಂದೇ ಕಡೆ ಬಿಸಿಯಾದರೆ ತಗಡು ಸೊಟ್ಟಗಾಗುತ್ತದೆ. ಆಮೇಲೆ ಪ್ರೈಮರ್, ಅದರ ಮೇಲೆ ಪುಟ್ಟಿ. ಪುಟ್ಟಿಯ ಕೆಲಸ ಕೊನೆಯ ಒಂದೆರಡು ಮಿಲಿಮೀಟರ್ ಏರಿಳಿತ ತುಂಬುವುದಷ್ಟೇ. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಗಟ್ಟಿಕಾರಕ ಕಲಸಬೇಕು. ಇಲ್ಲಿಯ ಸೆಖೆಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕಲ್ಲಾಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು. ಬೇಗ ಆಗಲಿ ಎಂದು ಗಟ್ಟಿಕಾರಕ ಹೆಚ್ಚು ಸುರಿದರೆ ಮೇಲಿನ ಬಣ್ಣದಲ್ಲಿ ಕಲೆ ಮೂಡಬಹುದು.

ಪಾಲಿಯೆಸ್ಟರ್ ಪುಟ್ಟಿ ಬರುವ ಮೊದಲು ಸೀಸ ಮತ್ತು ತವರದ ಮಿಶ್ರಣವನ್ನು ಕಾಯಿಸಿ ತಗ್ಗಿಗೆ ತುಂಬುತ್ತಿದ್ದರಂತೆ. ಅದು ಹಿಡಿಯಬೇಕಾದರೆ ಮೊದಲು ತಗಡಿಗೆ ತವರದ ತೆಳ್ಳನೆಯ ಲೇಪ ಕೊಡಬೇಕು, ಅಜ್ಜಿಯ ಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದ ಹಾಗೆಯೇ. ಕಲಾಯಿ ಎಂಬ ಪದವೂ ಮೂಲದಲ್ಲಿ ಅರಬ್ಬಿಯದು. ಇದನ್ನು ಹೇಳಿದಾಗ ಉಸ್ತಾದರಿಗೆ ಬಹಳ ಖುಷಿಯಾಯಿತು. ಅಂದು ನಾನು ಅವರಿಗೆ ಕಲಿಸಿದ್ದು ಅದೊಂದೇ!

ಉಜ್ಜುವುದು ನಮ್ಮ ಪಾಲು. ಉಪ್ಪುಕಾಗದದ ಸಂಖ್ಯೆ ದೊಡ್ಡದಾದಷ್ಟೂ ಅದರ ಹರಳು ಸಣ್ಣದು. 80ರಿಂದ ಶುರುಮಾಡಿ 180, 320, ಪ್ರೈಮರ್ ಮೇಲೆ 600. ಮೆಟ್ಟಿಲು ಹಾರಿದರೆ 80ರ ಗೀರುಗಳು ಬಣ್ಣದ ಕೆಳಗಿನಿಂದ ಇಣುಕುತ್ತವೆ. ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಉಜ್ಜಬೇಕು. ಬಣ್ಣ ಹೊಡೆಯುವಾಗ ಮಾತ್ರ ಉಸ್ತಾದ್ ನಮ್ಮನ್ನು ಹತ್ತಿರ ಬಿಡಲಿಲ್ಲ. ಗಟ್ಟಿಕಾರಕ ಬೆರೆಸಿದ ಬಣ್ಣಗಳಲ್ಲಿರುವ ಐಸೊಸಯನೇಟ್ ಉಸಿರಿನೊಡನೆ ಒಳಹೋದರೆ ಆಸ್ತಮಾ ಬರಬಹುದು, ಸಾಮಾನ್ಯ ಮಾಸ್ಕ್ ಅದನ್ನು ತಡೆಯದು. ಅವರು ಹೊರಗಿನ ಗಾಳಿ ಕೊಡುವ ಮುಖವಾಡ ಹಾಕಿಕೊಂಡರು. ಮಕ್ಕಳೇ, ಇದನ್ನು ಮನೆಯ ಬಾಲ್ಕನಿಯಲ್ಲಿ ಪ್ರಯತ್ನಿಸಲೇಬೇಡಿ.

ಪೋಷಕರಿಗೆ ಒಂದು ಸುಲಭದ ಕೆಲಸ. ಕಾರಿನ ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ಕಿಂಡಿಗಳಿರುತ್ತವೆ. ಇಲ್ಲಿಯ ಮರಳು ಅವುಗಳಲ್ಲಿ ಕಟ್ಟಿಕೊಂಡರೆ ತೊಳೆದ ನೀರು ಒಳಗೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಬೆಂಕಿಕಡ್ಡಿ ಹಾಕಿ ಬಿಡಿಸಿದರೆ ಸಾಕು. ನಮ್ಮ ಪಿಕಪ್ಪಿನ ಕಿಂಡಿಗಳಲ್ಲಿ ಒಂದೂ ತೆರೆದಿರಲಿಲ್ಲ.

ಪಾಸಿಂಗ್ ಆಯಿತು. 2023ರಲ್ಲಿ ಯಜಮಾನರು ವ್ಯಾನ್ ಕೊಂಡಾಗ ಪಿಕಪ್ ಮಾರಬೇಕಾಯಿತು. ನೋಡಲು ಬಂದಾತ ಜೇಬಿನಿಂದ ಅಯಸ್ಕಾಂತ ತೆಗೆದ! ಕೆಳಮೂಲೆಯಲ್ಲಿ ಅದು ಅಂಟಿತು, ಆದರೆ ಬಾಗಿಲಿನಲ್ಲಿ ಅಂಟಿದಷ್ಟು ಬಿಗಿಯಾಗಿ ಅಲ್ಲ. ಅವನು ನಮ್ಮ ಮುಖ ನೋಡಿದ. ಯಜಮಾನರು ಮೊಬೈಲಿನಲ್ಲಿದ್ದ ಫೋಟೋಗಳನ್ನೆಲ್ಲ ತೋರಿಸಿದರು: ತೂತು, ಕತ್ತರಿಸಿದ ಅಂಚು, ಹೊಸ ತಗಡು, ವೆಲ್ಡಿಂಗಿನ ಚುಕ್ಕಿಗಳು. ಅವನು ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, 500 ದಿರಂ ಕಡಿಮೆ ಮಾಡಿ ಎಂದ. ಯಜಮಾನರು ಒಪ್ಪಿದರು. ನನಗೆ ಮಾತ್ರ, ಅಷ್ಟೆಲ್ಲ ಉಜ್ಜಿದ ಕೈಗಳು ನೆನಪಾಗಿ, ಸ್ವಲ್ಪ ಹೊಟ್ಟೆ ಉರಿಯಿತು.