ಕಾಲಿಗಿಂತ ಮೊದಲು ಚರ್ಮ ನೋಡಿ

ಅಡಿಕೆ ಮರದಿಂದ ಬಿದ್ದವರಿರಲಿ, ಬೈಕ್ ಅಪಘಾತದಲ್ಲಿ ಪೆಟ್ಟು ತಿಂದವರಿರಲಿ, ಬೆನ್ನುಹುರಿಗೆ ಏಟಾಗಿ ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ನೋಡಲು ಹೋದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಮತ್ತೆ ನಡೀತಾನಾ ಸಾರ್?’ ಫಿಸಿಯೊಥೆರಪಿಗೆಂದು ಮನೆಮನೆ ತಿರುಗುವ ನಾನು ಅದಕ್ಕೆ ಉತ್ತರ ಕೊಡುವ ಮುಂಚೆ ಹೊದಿಕೆ ಸರಿಸಿ ಸೊಂಟದ ಕೆಳಭಾಗ ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ಅಲ್ಲಿ ಆಗಲೇ ಹುಣ್ಣಾಗಿರುತ್ತದೆ. ಹುಣ್ಣು ಆಳವಾಗಿದ್ದರೆ ಕೂರಿಸುವಂತಿಲ್ಲ. ಕೂರಿಸದೆ ಮುಂದಿನ ಯಾವ ವ್ಯಾಯಾಮವೂ ಇಲ್ಲ.

ಹಿನ್ನೆಲೆ ಇಷ್ಟು ಸಾಕು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದರೆ ಕೈಕಾಲು ಎರಡಕ್ಕೂ ತೊಂದರೆ. ಅದಕ್ಕಿಂತ ಕೆಳಗಾದರೆ ಕಾಲಿಗೆ. ಡಿಸ್ಚಾರ್ಜ್ ಚೀಟಿಯಲ್ಲಿ ಪೆಟ್ಟಿನ ಮಟ್ಟ ಮತ್ತು ‘ಎ’ಯಿಂದ ‘ಇ’ವರೆಗಿನ ಗ್ರೇಡ್ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಗುದದ ಸುತ್ತ ಸ್ಪರ್ಶವಾಗಲಿ ಬೇಕೆಂದಾಗ ಬಿಗಿಹಿಡಿಯುವ ಶಕ್ತಿಯಾಗಲಿ ಸ್ವಲ್ಪವೂ ಉಳಿದಿಲ್ಲದಿದ್ದರೆ ಅದು ‘ಎ’. ಸ್ವಲ್ಪ ಉಳಿದಿದ್ದರೂ ಚೇತರಿಕೆಯ ಸಾಧ್ಯತೆ ಹೆಚ್ಚು. ನರಗಳ ಚೇತರಿಕೆಯ ದೊಡ್ಡ ಪಾಲು ಮೊದಲ ಆರೇಳು ತಿಂಗಳಲ್ಲೇ ಆಗುತ್ತದೆ. ಆ ಅಮೂಲ್ಯ ತಿಂಗಳುಗಳನ್ನೇ ಹುಣ್ಣು ನುಂಗಿಹಾಕುವುದು.

ನಮಗೆ ಒಂದೇ ಮಗ್ಗುಲಲ್ಲಿ ಮಲಗಿ ಜೋಮು ಹಿಡಿದರೆ ನಿದ್ದೆಯಲ್ಲೇ ಹೊರಳುತ್ತೇವೆ. ಸ್ಪರ್ಶ ಹೋದವರಿಗೆ ಜೋಮು ತಿಳಿಯುವುದಿಲ್ಲ, ತಿಳಿದರೂ ಹೊರಳಲಾಗದು. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಹಾಗಾಗಿ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇದು ಹೊಸ ಮಾತೇನಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಟಕ ಶುರುಮಾಡಿದ ಲುಡ್ವಿಗ್ ಗಟ್‌ಮನ್ ಇದಕ್ಕಾಗಿಯೇ ಹಟ ಹಿಡಿದಿದ್ದರು. ಅದಕ್ಕೂ ಮೊದಲು ಇಂಥ ರೋಗಿಗಳಲ್ಲಿ ಹೆಚ್ಚಿನವರು ಹುಣ್ಣಿನ ನಂಜು, ಮೂತ್ರದ ಸೋಂಕುಗಳಿಂದಲೇ ಸಾಯುತ್ತಿದ್ದರು.

‘ವಾಟರ್ ಬೆಡ್ ತಂದಿದ್ದೀವಲ್ಲ ಸಾರ್’ ಅನ್ನುತ್ತಾರೆ. ವಾಟರ್ ಬೆಡ್ ಇರಲಿ, ಏರ್ ಬೆಡ್ ಇರಲಿ, ಮಗ್ಗುಲು ಬದಲಿಸುವ ಕೆಲಸವನ್ನು ಅದು ಮಾಡುವುದಿಲ್ಲ. ಹಾಸಿಗೆ ಬಂದ ದಿನದಿಂದ ಮನೆಯವರು ನಿಶ್ಚಿಂತೆಯಿಂದ ನಿದ್ದೆ ಮಾಡಿ, ಹದಿನೈದೇ ದಿನಕ್ಕೆ ಮೂಳೆ ಕಾಣುವಷ್ಟು ಹುಣ್ಣಾದದ್ದನ್ನು ನೋಡಿದ್ದೇನೆ.

ಹೊರಳಿಸುವಾಗ ಎಳೆಯಬೇಡಿ, ಚರ್ಮ ತರಚುತ್ತದೆ. ಅಡಿಯಲ್ಲೊಂದು ಮಡಿಸಿದ ಬೆಡ್‌ಶೀಟ್ ಇಟ್ಟುಕೊಂಡು ಇಬ್ಬರು ಅದನ್ನು ಹಿಡಿದೆತ್ತಿ ತಿರುಗಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಒಂದು. ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರಬೇಕು. ಎಷ್ಟು ಗಂಟೆಗೆ ಯಾವ ಮಗ್ಗುಲು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ರಾತ್ರಿಯ ಸರದಿ ಹಂಚಿಕೊಳ್ಳಿ. ಎಲ್ಲವನ್ನೂ ಅಮ್ಮನೋ ಹೆಂಡತಿಯೋ ಒಬ್ಬರೇ ಮಾಡಬೇಕೆಂದರೆ ತಿಂಗಳೊಳಗೆ ಅವರೂ ಹಾಸಿಗೆ ಹಿಡಿಯುತ್ತಾರೆ.

ಬೆಳಿಗ್ಗೆ, ಸಂಜೆ ಚರ್ಮ ನೋಡಿ. ಬೆನ್ನಿನ ಬುಡ, ಸೊಂಟದ ಎರಡೂ ಪಕ್ಕ, ಕೂರುವ ಮೂಳೆಗಳು, ಹಿಮ್ಮಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸದ್ಯಕ್ಕೆ ಭಯವಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಅದು ಮಾಯುವವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಜಾಗ ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗೆ ಇನ್ನಷ್ಟು ಹಾಳಾಗುತ್ತದೆ. ಸ್ಕೂಟರ್ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ಕೂರಿಸುವ ಪದ್ಧತಿಯೂ ಬೇಡ. ಸುತ್ತಲಿನ ಚರ್ಮ ಒತ್ತಿಹೋಗಿ ನಡುವಿನ ಭಾಗಕ್ಕೆ ರಕ್ತವೇ ಬರದು. ಬಿಸಿನೀರಿನ ಚೀಲದ ಶಾಖವಂತೂ ಬೇಡವೇ ಬೇಡ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಗಾಲಿಕುರ್ಚಿಯಲ್ಲಿ ಕೂತಾಗ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಭಾರ ಇಳಿಸಬೇಕು. ಕುರ್ಚಿಗೆ ಒಳ್ಳೆಯ ಕುಶನ್ ಕಡ್ಡಾಯ. ಸಮಾರಂಭಗಳಲ್ಲಿ ಫೋಟೊ ತೆಗೆಸಿಕೊಂಡು ಹಂಚುವ ಕುರ್ಚಿಗಳು ಎಲ್ಲರಿಗೂ ಒಂದೇ ಅಳತೆ, ಕುಶನ್ನೂ ಇರುವುದಿಲ್ಲ. ಸೊಂಟದ ಅಳತೆ ಕೊಟ್ಟು ತರಿಸಿದ ಕುರ್ಚಿಯೇ ಸರಿ.

ಇನ್ನು ಮೂತ್ರ. ಕಾಯಂ ಪೈಪಿಗಿಂತ ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಿ ತೆಗೆಯುವ ಕ್ಯಾಥೆಟರ್ ಹೆಚ್ಚಿನವರಿಗೆ ಒಳ್ಳೆಯದು. ಸಾಬೂನಿನಿಂದ ಕೈ ತೊಳೆದು ತಾವೇ ಹಾಕಿಕೊಳ್ಳುವುದನ್ನು ಆಸ್ಪತ್ರೆ ಬಿಡುವ ಮುಂಚೆಯೇ ಕಲಿಯಿರಿ. ಒಂದು ಸಲಕ್ಕೆ 500 ಮಿಲಿಲೀಟರ್ ದಾಟುತ್ತಿದ್ದರೆ ಅಂತರ ಕಡಿಮೆ ಮಾಡಿ. ಪೈಪಿನ ಗೊಡವೆ ಬೇಡವೆಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಕಲ್ಲು, ಸೋಂಕು ಎರಡಕ್ಕೂ ಅದೇ ದಾರಿ. ಮಲವಿಸರ್ಜನೆಗೆ ದಿನಾ ಒಂದೇ ಹೊತ್ತು ಇರಲಿ, ತಿಂಡಿಯಾದ ಅರ್ಧ ಗಂಟೆಗೆ ಕೂರಿಸುವುದು ಅನುಕೂಲ.

ಎದೆಯ ಮಧ್ಯಭಾಗಕ್ಕಿಂತ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ ಬೆವರು ಹರಿದರೆ ರಕ್ತದೊತ್ತಡ ಏರಿದೆ ಎಂದು ತಿಳಿಯಿರಿ. ತಕ್ಷಣ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯೇ, ಕಟ್ಟಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಇದು ಪ್ರಾಣಕ್ಕೇ ಎರವಾಗಬಹುದು.

ಜಾಗ ಕಡಿಮೆ, ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಕೀಲುಗಳು ಬಿಗಿಯದಂತೆ ದಿನಕ್ಕೆರಡು ಬಾರಿ ಕೈಕಾಲು ಆಡಿಸಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಜಮೀನು ಮಾರಬೇಡಿ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಅದು ಅಂಗೀಕೃತ ಚಿಕಿತ್ಸೆಯಲ್ಲ. ಪುನಶ್ಚೇತನಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಎಪಿಡಿ ಸಂಸ್ಥೆ, ಬೆಳ್ತಂಗಡಿ ತಾಲ್ಲೂಕು ಕೊಕ್ಕಡದ ಸೇವಾಧಾಮ, ವೆಲ್ಲೂರಿನ ಸಿಎಂಸಿಗಳಲ್ಲಿ ವಿಚಾರಿಸಿ. ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡವರು, ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದವರು. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ‘ಕಾಲು ಬರುತ್ತದಲ್ಲ, ಕಾರ್ಡ್ ಯಾಕೆ’ ಎಂದು ವರ್ಷಗಟ್ಟಲೆ ಮುಂದೂಡಿ ಪಿಂಚಣಿ, ಬಸ್ ಪಾಸ್ ಎರಡನ್ನೂ ಕಳೆದುಕೊಳ್ಳಬೇಡಿ.